ಸ್ಟ್ರಾಂಡ್ ಬೀದಿಯ ಚಹದಂಗಡಿ

ಕ್ರಿಸ್ತಶಕ 1706ನೆಯ ವರ್ಷದಲ್ಲಿ ಲಂಡನ್ ಪಟ್ಟಣದ ಸ್ಟ್ರಾಂಡ್ ಎಂಬ ರಾಜಬೀದಿಯ ಮಗ್ಗುಲಲ್ಲಿರುವ ಡೆವರೂ ಕೋರ್ಟಿನೊಳಗೆ ‘ಟಾಮನ ಕಾಫಿಮನೆ’ ಎಂಬ ಹೆಸರಿನಿಂದ ನಡೆಯುತ್ತಿದ್ದ ಪಾನಗೃಹವೊಂದನ್ನು ಥಾಮಸ್ ಟ್ವೈನಿಂಗ್ ಎಂಬ ವರ್ತಕನು ಕ್ರಯಕ್ಕೆ ತೆಗೆದುಕೊಂಡನು. ಆಗ ಅವನಿಗೆ 31 ವರ್ಷ ವಯಸ್ಸು. ಗ್ಲಾಸ್ಟರ್ ಸೀಮೆಯ ಪೇನ್ಸ್‌ವಿಕ್ ಎಂಬ ಊರಿನ ನೇಕಾರರ ಮನೆತನದಲ್ಲಿ ಹುಟ್ಟಿದ ಇವನು ಚಿಕ್ಕಂದಿನಲ್ಲಿಯೇ ರಾಜಧಾನಿಯನ್ನು ಸೇರಿ, ಪೂರ್ವದೇಶಗಳೊಡನೆ ವ್ಯವಹರಿಸುತ್ತಿದ್ದ ಸಾಹುಕಾರನೊಬ್ಬನ ಕೈಕೆಳಗೆ ಕೆಲಸ ಮಾಡಿ, ಸಮುದ್ರದಾಚೆಯ ಜಿನಸುಗಳ ಒಳಮರ್ಮವನ್ನು ಅಷ್ಟಿಷ್ಟು ಅರಿತುಕೊಂಡಿದ್ದನು. ಲಂಡನ್ನಿನಲ್ಲಿ ಆ ಕಾಲಕ್ಕೆ ಕಾಫಿಮನೆಗಳಿಗೆ ಕೊರತೆಯೇನೂ ಇರಲಿಲ್ಲ. ಬೀದಿಬೀದಿಗೂ ಒಂದೆರಡು ಇದ್ದವೆಂದರೆ ಅತ್ಯುಕ್ತಿಯಾಗಲಾರದು. ಅವುಗಳ ನಡುವೆ ತನ್ನ ಮನೆಗೆ ಏನಾದರೊಂದು ವಿಶೇಷವಿಲ್ಲದಿದ್ದರೆ ಬಾಳುವೆ ಸಾಗದೆಂದು ತಿಳಿದ ಟ್ವೈನಿಂಗನು ಚಹದ ಕಡೆಗೆ ದೃಷ್ಟಿಯನ್ನಿಟ್ಟನು. ಬಟ್ಟಲಲ್ಲಿ ಕಾಸಿಕೊಡುವದಕ್ಕಿಂತಲೂ ಒಣ ಎಲೆಯನ್ನೇ ತೂಗಿ ಮಾರುವದರಲ್ಲಿ ಅವನಿಗೆ ಹೆಚ್ಚಿನ ಲಾಭ ಕಂಡಿತು. ಕಾಫಿಮನೆಯು ಗಂಡಸರ ಕೂಟಸ್ಥಾನ. ಕುಲಸ್ತ್ರೀಯರು ಅದರೊಳಗೆ ಕಾಲಿಡುವದು ಸಭ್ಯತೆಗೆ ಒಪ್ಪದ ಮಾತಾಗಿತ್ತು. ಆದರೆ ಮನೆಯಲ್ಲಿ ಚಹವನ್ನು ಕಾಸಿ ಅತಿಥಿಗಳಿಗೆ ಕೊಡುವವರು ಆ ಸ್ತ್ರೀಯರೇ. 1717ರಲ್ಲಿ ಅವನು ಪಕ್ಕದ ಮನೆಗಳನ್ನು ಸೇರಿಸಿಕೊಂಡು ‘ಬಂಗಾರದ ಸಿಂಹ’ವೆಂಬ ಗುರುತಿನ ಹಲಗೆಯನ್ನು ತೂಗಹಾಕಿ, ಒಣ ಚಹ ಮತ್ತು ಕಾಫಿಗಳಿಗಾಗಿಯೇ ಅಂಗಡಿಯನ್ನು ಹೂಡಿದನು. ಆ ಸ್ಥಳದಲ್ಲಿ, ಸ್ಟ್ರಾಂಡಿನ 216ನೆಯ ಸಂಖ್ಯೆಯ ಮನೆಯಲ್ಲಿ, ಅದೇ ಹೆಸರಿನ ಅಂಗಡಿಯು ಇಂದಿಗೂ ನಡೆಯುತ್ತಿದೆ.

ಅಂಗಡಿಯನ್ನು ಹೂಡುವದು ಸುಲಭ. ಅದರಲ್ಲಿ ಯಾವ ಚಹವನ್ನು ತಂದಿಡುವದೆಂಬದೇ ಕಷ್ಟ. ಮಿಕ್ಕ ವರ್ತಕರಿಗೂ ಚಹದ ವರ್ತಕನಿಗೂ ಇದ್ದ ಭೇದವನ್ನು ವಾಚಕರು ಮೊದಲು ಗಮನಿಸಬೇಕು. ಬಟ್ಟೆಯ ವ್ಯಾಪಾರಿಯು ಮಗ್ಗವನ್ನು ಕಂಡಿರುತ್ತಾನೆ, ಧಾನ್ಯದ ವ್ಯಾಪಾರಿಯು ಹೊಲವನ್ನು ಕಂಡಿರುತ್ತಾನೆ. ಚಹದ ಗಿಡವನ್ನಾದರೋ ಟ್ವೈನಿಂಗನಾಗಲಿ, ಅವನಿಗೆ ಮಾಲು ಒದಗಿಸುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಾಗಲಿ ಕಣ್ಣಿನಿಂದ ಕಂಡವರಲ್ಲ. ಹಸುರು ಚಹ, ಕರಿ ಚಹಗಳೆರಡೂ ಒಂದೇ ಗಿಡದ ಎಲೆಗಳೆಂಬ ಸಂಗತಿಯು ಕೂಡ ಯುರೋಪದ ಪಂಡಿತರಿಗೆ ನೆಟ್ಟಗೆ ತಿಳಿದಿರಲಿಲ್ಲ. ಸಸ್ಯಶಾಸ್ತ್ರಕ್ಕೆ ಆಚಾರ್ಯಪುರುಷನಾದ ಲಿನೇಯಸನೇ 1762ರಲ್ಲಿ ಅವುಗಳನ್ನು ಎರಡು ಬೇರೆ ಜಾತಿಗಳೆಂದು ವಿಂಗಡಿಸಿದನೆಂದ ಮೇಲೆ, ಒಬ್ಬ ಅಂಗಡಿಕಾರನ ಅಜ್ಞಾನವನ್ನು ಹೇಳುವದೇನು! ಅವನ ಕೈಗೆ ಬರುತ್ತಿದ್ದುದು ಸೀಸದ ತಗಡನ್ನು ಒಳಗೆ ಹೊಂದಿಸಿದ ಒಂದು ಮರದ ಪೆಟ್ಟಿಗೆ, ಅದರ ಮೇಲೆ ಅರ್ಥವಾಗದ ಒಂದು ಮುದ್ರೆ, ಮತ್ತು ಒಂದು ಹೆಸರು.

ಆ ಹೆಸರುಗಳ ಕಥೆಯು ಮನೋರಂಜಕವಾದದ್ದು. ‘ಚಹ’ ಎಂಬ ಶಬ್ದವೇ ಚೀನದ ‘ಚಾ’ ಎಂಬದರಿಂದ ಹುಟ್ಟಿ ಪಾರಸಿಕ, ಪೋರ್ತುಗೀಜ ಮೊದಲಾದ ನಾಡುಗಳ ಬಾಯಲ್ಲಿ ಹಾದು ಬಂದದ್ದು; ಫೂಕಿಯೆನ್ ಪ್ರಾಂತದ ಕಡಲತೀರದವರು ಅದೇ ವಸ್ತುವಿಗೆ ‘ತೆ’ ಎನ್ನುವದರಿಂದ, ಅಲ್ಲಿಯವರೊಡನೆ ವ್ಯವಹರಿಸಿದ ಡಚ್ಚರ ಮೂಲಕ ‘ಟೀ’ ಎಂಬ ಇನ್ನೊಂದು ಶಬ್ದವು ಹೊರಟಿತು. ಕನ್ನಡ ನಾಡಿನಲ್ಲಿ ಒಂದು ಸೀಮೆಯವರು ಚಹವೆಂದೂ ಇನ್ನೊಂದು ಸೀಮೆಯವರು ಟೀ ಎಂದೂ ಅನ್ನುವಾಗ, ಚೀನದ ಎರಡು ನುಡಿಗಳು ನೆಲದ ದಾರಿ ಮತ್ತು ನೀರಿನ ದಾರಿಗಳಿಂದ ಬಂದು ಇಲ್ಲಿ ಕೂಡಿಕೊಂಡಿವೆಯೆಂಬದು ಯಾರ ಲಕ್ಷ್ಯಕ್ಕೂ ಬರುವದಿಲ್ಲ. ಅದಿರಲಿ. ಲಂಡನ್ನಿನ ಪೆಟ್ಟಿಗೆಗಳ ಮೇಲಿನ ಹೆಸರುಗಳಲ್ಲಿ ಕೆಲವು ಊರು ಬೆಟ್ಟಗಳ ಹೆಸರುಗಳು. ಬೊಹೀ ಎಂಬದು ಫೂಕಿಯೆನ್ ಪ್ರಾಂತದ ವೂಯೀ ಪರ್ವತದ ಅಪಭ್ರಂಶ. ಸಿಂಗ್ಲೋ ಎಂಬದು ಅನ್‌ಹುಯ್ ಪ್ರಾಂತದ ಸುಂಗ್‌ಲೋ ಗುಡ್ಡದ್ದು. ಟ್ವಾಂಕೆ ಎಂಬದು ಅದೇ ಪ್ರಾಂತದ ತುನ್‌ಶೀ ಎಂಬ ಪೇಟೆಯ ಹೆಸರು. ಕೆಲವು ಹೆಸರುಗಳು ಎಲೆಯ ಗುಣವನ್ನು ಹೇಳುವವು: ಎಳೆಯ ಕುಡಿಯ ಮೇಲಿನ ಬಿಳಿಯ ನವುರು ರೋಮದಿಂದ ಪೆಕೋ, ಸಣ್ಣ ತಳಿಯೆಂಬರ್ಥದಿಂದ ಸೂಚಾಂಗ್, ದುಡಿಮೆ ಮತ್ತು ನೈಪುಣ್ಯವೆಂಬ ಅರ್ಥವುಳ್ಳ ಶಬ್ದದಿಂದ ಕಾಂಗೂ. ಹೈಸನ್ ಎಂಬ ಶ್ರೇಷ್ಠವಾದ ಹಸುರು ಚಹದ ಹೆಸರಿನಲ್ಲಿ ವಸಂತಋತುವಿನ ಹೊಳಪಿದೆ. ಚೀನೀಯರು ಮುತ್ತಿನ ಚಹವೆಂದು ಕರೆದ ಉಂಡೆಯೆಲೆಗೆ ಆಂಗ್ಲರು ಇಟ್ಟ ಹೆಸರು ‘ಕೋವಿಮದ್ದು’! ಕಾಳಿನಂಥ ಅದರ ಆಕಾರವನ್ನು ನೋಡಿ ಒಬ್ಬರಿಗೆ ಮುತ್ತು ನೆನಪಾದರೆ ಮತ್ತೊಬ್ಬರಿಗೆ ಮದ್ದು ನೆನಪಾಯಿತು.

ಇಷ್ಟು ಅಂದವಾದ ಹೆಸರುಗಳಲ್ಲಿ ಒಂದು ದೊಡ್ಡ ದೋಷವಿತ್ತು. ಅವು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬೊಹೀ ಎಂದರೆ ಶ್ರೀಮಂತರು ಮಾತ್ರ ಕುಡಿಯತಕ್ಕ ಉತ್ತಮ ಚಹವಾಗಿತ್ತು. ಆ ಶತಮಾನವು ಮುಗಿಯುವ ಹೊತ್ತಿಗೆ ಅದೇ ಹೆಸರು ಅತ್ಯಂತ ಕನಿಷ್ಠವಾದ, ಕಂದು ಬಣ್ಣದ, ಒರಟು ಎಲೆಯ ಅಗ್ಗದ ಸರಕಿಗೆ ಮೀಸಲಾಯಿತು. ವೂಯೀ ಪರ್ವತವೇನೂ ಬದಲಾಗಲಿಲ್ಲ. ಬೇಡಿಕೆಯು ಹೆಚ್ಚಿದಂತೆ ಆ ಪರ್ವತದ ಬಂಡೆಗಳ ನಡುವೆ ಬೆಳೆಯುವ ಅಲ್ಪಸ್ವಲ್ಪ ಎಲೆಯು ಸಾಲದಾಗಿ, ಸುತ್ತಲಿನ ಸೀಮೆಗಳ ಎಲೆಯೂ, ಕೊನೆಗೆ ದೂರದ ತಗ್ಗು ಪ್ರದೇಶಗಳ ಎಲೆಯೂ ಅದೇ ಹೆಸರಿನ ಆಶ್ರಯವನ್ನು ಪಡೆದವು. ನಿಜವಾದ ಮೇಲ್ತರಗತಿಯ ಎಲೆಯು ಕಾಂಗೂ, ಸೂಚಾಂಗ್ ಎಂಬ ಹೊಸ ಹೆಸರುಗಳನ್ನು ಹೊತ್ತು ಬೇರೆಯಾಯಿತು. ಆದ್ದರಿಂದ 1710ರಲ್ಲಿ ಬೊಹೀ ಕೊಂಡವನ ಅನುಭವವು 1780ರಲ್ಲಿ ಬೊಹೀ ಕೊಳ್ಳುವವನಿಗೆ ಉಪಯೋಗವಿಲ್ಲದಾಯಿತು. ಹೆಸರನ್ನು ನಂಬಿದ ಅಂಗಡಿಕಾರನು ಕೆಟ್ಟನು. ನಾಲಗೆಯನ್ನು ನಂಬಿದವನು ಉಳಿದನು.

ನಾಲಗೆಯ ಪರೀಕ್ಷೆಯು ಲಂಡನ್ನಿನಲ್ಲಿ ಆರಂಭವಾಗುತ್ತಿರಲಿಲ್ಲ. 1757ರಿಂದ ಮುಂದೆ ಚೀನದ ಚಕ್ರವರ್ತಿಯ ಅಪ್ಪಣೆಯಂತೆ ಯುರೋಪದ ಹಡಗುಗಳಿಗೆ ಕಾಂಟನ್ ಬಂದರವೊಂದೇ ತೆರೆದಿತ್ತು. ವೂಯೀ ಪರ್ವತದಿಂದ ಕಾಂಟನ್ನಿಗೆ ಚಹವು ಬರುವ ದಾರಿಯೆಂದರೆ ಒಂದು ಮಹಾಯಾತ್ರೆ. ಮೊದಲು ಹಮಾಲರ ಹೆಗಲ ಮೇಲೆ ಘಟ್ಟವನ್ನು ದಾಟಿ ಹೋಕೌ ಎಂಬ ಪೇಟೆಗೆ. ಅಲ್ಲಿಂದ ದೋಣಿಗಳಲ್ಲಿ ಪೋಯಾಂಗ್ ಸರೋವರಕ್ಕೆ. ಸರೋವರದಿಂದ ಕಾನ್ ನದಿಯ ಪ್ರವಾಹಕ್ಕೆ ಎದುರಾಗಿ ದಕ್ಷಿಣಕ್ಕೆ. ಮತ್ತೆ ಹಮಾಲರ ಹೆಗಲ ಮೇಲೆ ಮೇಲಿಂಗ್ ಕಣಿವೆಯನ್ನು ದಾಟಿ, ಆಚೆಯ ನದಿಯಲ್ಲಿ ಇಳಿದು ಕಾಂಟನ್ನಿಗೆ. ಉತ್ತಮ ಚಹದ ಪೆಟ್ಟಿಗೆಯನ್ನು ಹೊರುವವನು ಅದಕ್ಕೆ ಎರಡು ಉದ್ದವಾದ ಬಿದಿರುಗಳನ್ನು ಕಟ್ಟಿಕೊಳ್ಳುತ್ತಿದ್ದನು. ದಣಿವಾದಾಗ ಬಿದಿರಿನ ತುದಿಗಳನ್ನು ನೆಲಕ್ಕೂರಿ ಪೆಟ್ಟಿಗೆಯನ್ನು ಎತ್ತರದಲ್ಲಿಯೇ ನಿಲ್ಲಿಸಿ ಉಸಿರುಬಿಡುವನೇ ಹೊರತು, ದಾರಿಯುದ್ದಕ್ಕೂ ಅದನ್ನು ನೆಲಕ್ಕೆ ಸೋಕಗೊಡುತ್ತಿರಲಿಲ್ಲ. ಅಗ್ಗದ ಚಹಕ್ಕೆ ಈ ಮರ್ಯಾದೆಯಿಲ್ಲ.

ಕಾಂಟನ್ನಿನಲ್ಲಿ ಮಾಲು ಕೈ ಬದಲಾಗುವ ಪದ್ಧತಿಯು ವಿಚಾರಾರ್ಹವಾದದ್ದು. ಚೀನದ ಸರಕಾರದಿಂದ ಸನ್ನದು ಪಡೆದ ಕೆಲವೇ ‘ಹಾಂಗ್’ ವರ್ತಕರ ಹೊರತು ಬೇರೆ ಯಾರೂ ಪರಕೀಯರಿಗೆ ಚಹವನ್ನು ಮಾರುವಂತಿರಲಿಲ್ಲ. ಕಂಪನಿಯವರು ಮುಂದಿನ ಋತುವಿಗಾಗಿ ಮೊದಲೇ ಕರಾರು ಮಾಡಿಕೊಂಡು, ತರಗತಿಗಿಷ್ಟೆಂದು ಬೆಲೆಯನ್ನು ಗೊತ್ತುಮಾಡುತ್ತಿದ್ದರು. ಮಾಲಿಗೆ ಬದಲಾಗಿ ಬೆಳ್ಳಿ, ಉಣ್ಣೆಯ ಬಟ್ಟೆ, ಹಿಂದುಸ್ಥಾನದ ಹತ್ತಿ ಮೊದಲಾದವು ಹೋಗುತ್ತಿದ್ದವು. ಮೈಸೂರು ಸೀಮೆಯ ಕಾಡುಗಳ ಶ್ರೀಗಂಧವೂ ಪಶ್ಚಿಮ ತೀರದ ಬಂದರಗಳಿಂದ ಹಡಗನ್ನೇರಿ ಕಾಂಟನ್ನಿನ ದೇವಾಲಯಗಳ ಧೂಪಕ್ಕೆ ಸಲ್ಲುತ್ತಿತ್ತು. ಹೀಗೆ ಆಂಗ್ಲ ಗೃಹಿಣಿಯ ಬಟ್ಟಲಿನ ಬೆಲೆಯಲ್ಲಿ ಕನ್ನಡ ನಾಡಿನ ಗಂಧದ ಕೊರಡಿನದೂ ಒಂದು ಅಂಶವಿತ್ತು. ಈ ಎಲ್ಲ ಜಿನಸುಗಳಿಗಿಂತ ಹೆಚ್ಚಾಗಿ ಮುಂದೆ ಅಫೀಮು ಹೋದದ್ದೂ, ಅದರಿಂದ ಯುದ್ಧವೊದಗಿದ್ದೂ ಬೇರೊಂದು ಲೇಖನಕ್ಕೆ ವಿಷಯವಾಗಬಲ್ಲವು.

ಶರತ್ಕಾಲದಲ್ಲಿ ಚಹವು ಬಂದಿಳಿದೊಡನೆ ಕಂಪನಿಯ ಚಹಪರೀಕ್ಷಕನ ಕೆಲಸ ಮೊದಲಾಗುವದು. ಒಂದೇ ಮುದ್ರೆಯ, ಒಂದೇ ಹದದ ನೂರಾರು ಪೆಟ್ಟಿಗೆಗಳ ಗುಂಪಿಗೆ ‘ಚಾಪು’ ಎಂದು ಹೆಸರು. ಪ್ರತಿಯೊಂದು ಚಾಪಿನಿಂದ ಕೆಲವು ಪೆಟ್ಟಿಗೆಗಳನ್ನು ತೆರೆಯಿಸಿ, ಒಣ ಎಲೆಯ ಬಣ್ಣವನ್ನೂ ಸುರುಳಿಯನ್ನೂ ನೋಡಿ, ಮೂಸಿ, ಅನಂತರ ಕುದಿನೀರು ಹೊಯ್ದು ಕಷಾಯದ ಬಣ್ಣ, ಕಂಪು, ಒಗರುಗಳನ್ನು ಪರೀಕ್ಷಿಸಿ, ಕೊನೆಗೆ ನೆನೆದ ಎಲೆಯನ್ನು ಬಿಡಿಸಿ ನೋಡಿ ಅವನು ತನ್ನ ಅಭಿಪ್ರಾಯವನ್ನು ಬರೆಯುವನು. ಅವನ ಒಂದು ಮಾತಿನಿಂದ ಚಾಪು ಮೇಲ್ತರಗತಿಗೆ ಏರುವದು, ಇಲ್ಲವೆ ತಿರಸ್ಕೃತವಾಗುವದು. ಈ ಸ್ಥಾನದಲ್ಲಿದ್ದವರಲ್ಲಿ ಇಬ್ಬರು ಲೋಕಕ್ಕೆ ಬೇರೆ ರೀತಿಯಿಂದಲೂ ಉಪಕಾರಮಾಡಿದರು. 1812ರಲ್ಲಿ ಕಾಂಟನ್ನಿಗೆ ಬಂದ ಜಾನ್ ರೀವ್ಸ್ ಎಂಬವನು ಬಿಡುವಿನ ವೇಳೆಯಲ್ಲಿ ಚೀನೀ ಚಿತ್ರಕಾರರಿಂದ ಅಲ್ಲಿಯ ಗಿಡಮರ, ಪಕ್ಷಿ, ಮೀನುಗಳ ಅಸಂಖ್ಯ ಚಿತ್ರಗಳನ್ನು ಬರೆಯಿಸಿ ಸ್ವದೇಶಕ್ಕೆ ಕಳಿಸಿದನು. ಸ್ಯಾಮ್ಯುಅಲ್ ಬಾಲ್ ಎಂಬವನು ತನ್ನ ನಿವೃತ್ತಿಯ ತರುವಾಯ, 1848ರಲ್ಲಿ, ಚಹದ ಕೃಷಿ ಮತ್ತು ತಯಾರಿಕೆಗಳನ್ನು ಕುರಿತು ಒಂದು ಪ್ರೌಢ ಗ್ರಂಥವನ್ನು ಪ್ರಕಟಿಸಿದನು. ಚಹದ ತೋಟಗಳಿದ್ದ ಒಳನಾಡಿಗೆ ಪರಕೀಯರ ಪ್ರವೇಶವೇ ನಿಷಿದ್ಧವಾಗಿದ್ದ ಕಾಲದಲ್ಲಿ, ಕಾಂಟನ್ನಿನ ನದೀತೀರದಲ್ಲಿ ಕುಳಿತು ವಿಚಾರಿಸಿ ವಿಚಾರಿಸಿ ಸಂಗ್ರಹಿಸಿದ ಜ್ಞಾನವದು.

ಪರೀಕ್ಷಕನ ಕಣ್ಣಿಗೂ ಮಣ್ಣೆರಚುವವರು ಇದ್ದೇ ಇದ್ದರು. ನಮೂನೆಗಾಗಿ ತೆರೆದ ಪೆಟ್ಟಿಗೆ ಒಂದು ತರ, ತೆರೆಯದ ಪೆಟ್ಟಿಗೆ ಇನ್ನೊಂದು ತರ ಆಗುವದುಂಟು. ಆದುದರಿಂದ ಲಂಡನ್ನಿಗೆ ಹೋದ ಮೇಲೆ ಕೆಟ್ಟದ್ದೆಂದು ಕಂಡುಬಂದ ಮಾಲಿಗೆ ಕಾಂಟನ್ನಿನ ಹಾಂಗ್ ವರ್ತಕನು ನಷ್ಟ ತುಂಬಿಕೊಡಬೇಕೆಂಬ ಪದ್ಧತಿ ನೆಲೆಗೊಂಡಿತು. ಹಡಗಿನ ಪ್ರಯಾಣವು ಒಂದು ಕಡೆಗೇ ಸುಮಾರು ಆರು ತಿಂಗಳು. ಮಾರಿದವನು ತನ್ನ ಮಾಲನ್ನೇ ಮರೆತಿರಬಹುದಾದ ಕಾಲದಲ್ಲಿ, ಅರ್ಧ ಭೂಮಂಡಲದಾಚೆಯಿಂದ ಬಂದ ಒಂದು ಕಾಗದವನ್ನು ನೋಡಿ ಅವನು ಹಣವನ್ನು ಎಣಿಸಿ ಕೊಡುತ್ತಿದ್ದನು. ಚೀನೀಯರ ಮೋಸವನ್ನು ಕುರಿತು ಆಂಗ್ಲರು ಬರೆದ ಪುಟಗಳು ಬಹಳ. ಈ ಪ್ರಾಮಾಣಿಕತೆಯನ್ನು ಕುರಿತು ಬರೆದವು ಅಷ್ಟಿಲ್ಲ.

ಇನ್ನು ಲಂಡನ್ನಿನ ಅಂಗಡಿಕಾರನ ಪಾಡು. ಚಹವನ್ನು ತರುವ ಏಕಸ್ವಾಮ್ಯವು ಕಂಪನಿಯದಾಗಿದ್ದುದರಿಂದ, ಲೆಡನ್‌ಹಾಲ್ ಬೀದಿಯ ಕಂಪನಿಯ ಭವನದಲ್ಲಿ ನಡೆಯುವ ಲಿಲಾವಿನ ಹೊರತು ಅವನಿಗೆ ನ್ಯಾಯವಾದ ಬೇರೆ ಮಾರ್ಗವಿರಲಿಲ್ಲ. ಲಿಲಾವಿಗೆ ಮೊದಲು ವಖಾರಗಳಲ್ಲಿ ನಮೂನೆಗಳನ್ನು ನೋಡಲು ಅವಕಾಶವುಂಟು. ವರ್ತಕರೂ ದಲಾಲರೂ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಚಾಪಿನಿಂದ ಚಾಪಿಗೆ ನಡೆದು, ತಮಗಷ್ಟೇ ತಿಳಿಯುವ ಗುರುತುಗಳನ್ನು ಅಂಚಿನಲ್ಲಿ ಬರೆದುಕೊಳ್ಳುವರು. ಲಿಲಾವಿನ ದಿನದ ಕೂಗಾಟವು ಭವನದ ಹೊರಗಿನ ಬೀದಿಗೂ ಕೇಳಿಸುತ್ತಿತ್ತೆಂದು ಪ್ರತೀತಿ. ಕೊಂಡ ಮೇಲೆಯೂ ಸರಕಾರದ ಜಕಾತಿಯನ್ನು ತೆತ್ತ ಹೊರತು ಪೆಟ್ಟಿಗೆಯು ವಖಾರದಿಂದ ಹೊರಬೀಳದು.

ಯಾವ ಬಗೆಯನ್ನು ಎಷ್ಟೆಷ್ಟು ಕೊಳ್ಳಬೇಕು? ಆ ಕಾಲದ ಪೇಟೆಯು ಎಂಥ ಮಿಶ್ರಣವನ್ನು ಬೇಡುತ್ತಿತ್ತೆಂಬದನ್ನು ತೋರಿಸುವ ಒಂದು ಲೆಕ್ಕವು, ಯಾರೂ ನೆನೆಯದ ಕಡೆಯಲ್ಲಿ, ದೊರೆಯುತ್ತದೆ. 1773ನೆಯ ಡಿಸೆಂಬರ್ 16ರ ರಾತ್ರಿ ಅಮೇರಿಕೆಯ ಬೋಸ್ಟನ್ ಬಂದರದಲ್ಲಿ ನಾಗರಿಕರು ಕಂಪನಿಯ ಚಹವನ್ನು ಕಡಲಿಗೆ ಚೆಲ್ಲಿದ ಕಥೆಯು ಎಲ್ಲ ಪಾಠಪುಸ್ತಕಗಳಲ್ಲಿಯೂ ಇದೆ. ಚೆಲ್ಲಿದ್ದು ಯಾವ ಚಹವೆಂಬದನ್ನು ಮಾತ್ರ ಅವು ಹೇಳುವದಿಲ್ಲ. ನೀರಿಗೆ ಬಿದ್ದ 340 ಪೆಟ್ಟಿಗೆಗಳಲ್ಲಿ 240 ಬೊಹೀ, 60 ಸಿಂಗ್ಲೋ, 15 ಕಾಂಗೂ, 15 ಹೈಸನ್, 10 ಸೂಚಾಂಗ್. ಅಂದರೆ ನೂರಕ್ಕೆ ಎಪ್ಪತ್ತು ಪಾಲು ಅತಿ ಸಾಮಾನ್ಯವಾದ ಕರಿ ಚಹ; ಐದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಹಸುರು ಚಹ; ಮೇಲ್ತರಗತಿಯ ಕರಿ ಚಹವು ಹಿಡಿಯಷ್ಟು. ಇದು ದೇಶಭಕ್ತರ ರೋಷವನ್ನು ತಿಳಿಯಲು ಬೇಕಾದ ಲೆಕ್ಕವಲ್ಲ. ಆದರೆ ಅಂಗಡಿಕಾರನಿಗೆ ಇದರಲ್ಲಿ ಒಂದು ದೊಡ್ಡ ಪಾಠವಿದೆ. ದಿನದ ಹೊಟ್ಟೆಯನ್ನು ಹೊರೆಯುವದು ಬೊಹೀ. ಅಂಗಡಿಯ ಹೆಸರನ್ನು ಕಾಯುವದು ಹೈಸನ್ ಮತ್ತು ಸೂಚಾಂಗ್. ಮನೆಯ ಯಜಮಾನಿತಿಯು ಹೈಸನ್ನನ್ನು ಬೀಗವಿದ್ದ ಪುಟ್ಟ ಪೆಟ್ಟಿಗೆಯಲ್ಲಿಟ್ಟು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು. ಆಳುಕಾಳುಗಳಿಗೆ ಬೊಹೀ. ಎರಡನ್ನೂ ಒಂದೇ ಅಂಗಡಿಯಿಂದ ತರಿಸುವದರಿಂದ ಒಂದರಲ್ಲಿ ತಪ್ಪಿದ ವರ್ತಕನು ಎರಡನ್ನೂ ಕಳೆದುಕೊಳ್ಳುವನು.

ಥಾಮಸ್ ಟ್ವೈನಿಂಗನು ಈ ಕಷ್ಟವನ್ನು ಹೇಗೆ ಪರಿಹರಿಸಿಕೊಂಡನೆಂಬದನ್ನು ಅವನ ಮೊಮ್ಮಗನಾದ ರಿಚರ್ಡ್ ಟ್ವೈನಿಂಗನು ಬರೆದಿಟ್ಟಿದ್ದಾನೆ. ಅಜ್ಜನ ಕಾಲದಲ್ಲಿ ದೊಡ್ಡ ಮನೆತನದ ಸ್ತ್ರೀಪುರುಷರು ತಾವೇ ಅಂಗಡಿಗೆ ಬಂದು ಚಹವನ್ನು ಆರಿಸಿಕೊಳ್ಳುವ ರೂಢಿಯಿತ್ತು. ಅಜ್ಜನು ಪೆಟ್ಟಿಗೆಗಳನ್ನು ಅವರ ಮುಂದೆ ಹರಡಿಸಿ, ಕೆಲವನ್ನು ಅವರ ಕಣ್ಣೆದುರಿಗೇ ಕೂಡಿಸಿ, ಕಾಸಿ ಕೊಡುವನು. ಅವರು ರುಚಿ ನೋಡಿ ಇದು ತೀಕ್ಷ್ಣವಾಯಿತು, ಅದು ಸಪ್ಪೆಯಾಯಿತು ಎನ್ನುವರು. ಮತ್ತೆ ಇನ್ನೊಂದು ಪೆಟ್ಟಿಗೆಯಿಂದ ಸ್ವಲ್ಪ ಸೇರಿಸಿ, ಗಿರಾಕಿಯ ನಾಲಗೆಗೆ ಒಪ್ಪುವ ವರೆಗೂ ಹದವನ್ನು ತಿದ್ದುವನು. ಬೆರಕೆಯಿಲ್ಲದ ಒಂಟಿ ಚಹವನ್ನು ಆಗ ಯಾರೂ ಮೆಚ್ಚುತ್ತಲೇ ಇರಲಿಲ್ಲವೆಂದು ಮೊಮ್ಮಗನ ಸಾಕ್ಷ್ಯ.

ಈ ಸಾಕ್ಷ್ಯವನ್ನು ನುಡಿಯಬೇಕಾದ ಪ್ರಸಂಗವೇಕೆ ಬಂದಿತೆಂಬದೇ ಈ ಇತಿಹಾಸದ ತಿರುಳು. ಥಾಮಸನು 1741ರಲ್ಲಿ ತೀರಿಕೊಂಡನು. ಅವನ ಮಗ ಡೇನಿಯಲನು 1762ರಲ್ಲಿ ತೀರಿಕೊಂಡನು. ಡೇನಿಯಲನ ವಿಧವೆಯಾದ ಮೇರಿ ಟ್ವೈನಿಂಗಳು, ಹೆಂಗಸರು ಪೇಢಿಯನ್ನು ನಡೆಸುವದು ಅಪರೂಪವಾಗಿದ್ದ ಕಾಲದಲ್ಲಿ, ಸುಮಾರು ಇಪ್ಪತ್ತು ವರ್ಷಗಳ ಕಾಲ ವ್ಯಾಪಾರವನ್ನು ಧೈರ್ಯದಿಂದ ನಡೆಸಿಕೊಂಡು ಬಂದಳು. ಆ ವರ್ಷಗಳು ಪ್ರಾಮಾಣಿಕ ವರ್ತಕರಿಗೆ ಅತ್ಯಂತ ದುಷ್ಕಾಲಗಳು. ಜಕಾತಿಯು ಏರಿ ಏರಿ, 1784ರ ಹೊತ್ತಿಗೆ ಮಾಲಿನ ಬೆಲೆಗೆ ನೂರಕ್ಕೆ 119ರಂತೆ ಆಗಿತ್ತು. ಹೀಗಿರಲು ಕಳ್ಳಸಾಗಣೆಯು ಹಬ್ಬದೆ ಏನಾದೀತು? ಹಾಲಂಡ, ಸ್ವೀಡನ್, ಡೆನ್ಮಾರ್ಕ, ಫ್ರಾನ್ಸ ದೇಶಗಳ ಕಂಪನಿಗಳು ಕಾಂಟನ್ನಿನಿಂದ ತರುತ್ತಿದ್ದ ಚಹದಲ್ಲಿ ಬಹುಭಾಗವು ರಾತ್ರಿಯ ಕತ್ತಲಲ್ಲಿ ಇಂಗ್ಲಂಡದ ತೀರಕ್ಕೆ ಇಳಿಯುತ್ತಿತ್ತು. ದೇಶದಲ್ಲಿ ಕುಡಿಯುತ್ತಿದ್ದ ಚಹದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಕಳ್ಳಮಾಲೆಂದು ಅಂದಿನವರ ಅಂದಾಜು. ಪಾದ್ರಿಯ ಮನೆಯಲ್ಲಿಯೂ ಅದೇ, ನ್ಯಾಯಾಧಿಕಾರಿಯ ಮನೆಯಲ್ಲಿಯೂ ಅದೇ. ಮೇರಿಯು ಕಳ್ಳಮಾಲನ್ನು ಮುಟ್ಟಲಿಲ್ಲವೆಂದು ಆ ಮನೆತನದವರು ಹೇಳಿಕೊಳ್ಳುವರು.

ಕಳ್ಳಸಾಗಣೆಯ ತಂಗಿಯೇ ಕಲಬೆರಕೆ. ರಿಚರ್ಡನು 1785ರಲ್ಲಿ ಪ್ರಕಟಿಸಿದ ತನ್ನ ಪುಸ್ತಿಕೆಯಲ್ಲಿ ‘ಸ್ಮೌಚ್’ ಎಂಬ ಕೃತ್ರಿಮ ಚಹದ ತಯಾರಿಕೆಯನ್ನು ಬಯಲಿಗೆ ತಂದನು. ಆ್ಯಶ್ ಎಂಬ ಮರದ ಎಲೆಗಳನ್ನು ಬಿಸಿಲಿಗೆ ಒಣಗಿಸಿ, ಬೇಯಿಸಿ, ನೆಲದ ಮೇಲೆ ಹರಡಿ, ಕಾಲಿನಿಂದ ತುಳಿದು ಪುಡಿಮಾಡಿ, ಜರಡಿ ಹಿಡಿದು, ಅನ್ನಭೇದಿ ಮತ್ತು ಕುರಿಯ ಹಿಕ್ಕೆ ಕದಡಿದ ನೀರಿನಲ್ಲಿ ನೆನೆಯಿಸಿ ಒಣಗಿಸುವರಂತೆ. ಎಂಟು ಹತ್ತು ಮೈಲುಗಳ ಒಂದು ಸಣ್ಣ ಸೀಮೆಯಲ್ಲಿಯೇ ವರ್ಷಕ್ಕೆ ಸುಮಾರು 20 ಟನ್ನು ತಯಾರಾಗುತ್ತಿದ್ದಿತೆಂದು ಅವನು ಬರೆದಿದ್ದಾನೆ. ಇದನ್ನು ತಡೆಯಲು 1725, 1731, 1777ರಲ್ಲಿ ಕಾಯಿದೆಗಳಾದವು. ಒಂದೇ ಕೆಲಸಕ್ಕೆ ಮೂರು ಕಾಯಿದೆಗಳು ಬೇಕಾದವೆಂದರೆ ಮೊದಲಿನೆರಡರ ಫಲವನ್ನು ವಾಚಕರೇ ಊಹಿಸಬಹುದು.

ಸ್ಮೌಚಿನ ಹೊಲಸನ್ನು ಕೇಳಿದ ಜನಕ್ಕೆ ಒಂದು ಸಂಶಯ ಹುಟ್ಟಿದ್ದು ಸಹಜವೇ. ಎಲೆಯನ್ನು ಬೆರಸುವ ವರ್ತಕನು ಏನನ್ನು ಬೆರಸುವನೋ ಬಲ್ಲವರಾರು? ಚಹವನ್ನು ಕೂಡಿಸುವದೆಂದರೆ ಮೋಸಮಾಡುವದೆಂಬ ಭಾವನೆ ಹಬ್ಬತೊಡಗಿತು. ‘ಕಂಪನಿಯ ಪೆಟ್ಟಿಗೆಯಿಂದ ಬಂದದ್ದನ್ನು ಬಂದಂತೆಯೇ ಕೊಡಿ’ ಎನ್ನುವ ಗಿರಾಕಿಗಳು ಹೆಚ್ಚಿದರು. ಕೇಳುವದಕ್ಕೆ ಇದು ನ್ಯಾಯವಾಗಿಯೇ ತೋರುವದು. ಆದರೆ ರಿಚರ್ಡನು ತನ್ನ ಕಸುಬಿನ ಪರವಾಗಿ ಕೊಟ್ಟ ಉತ್ತರವು ಅಷ್ಟೇ ನ್ಯಾಯವಾದದ್ದು. ಒಂದೇ ಹೆಸರಿನ ಇಪ್ಪತ್ತು ಪೆಟ್ಟಿಗೆ ಹೈಸನ್ನನ್ನು ತೆರೆದು ಒಂದೊಂದಾಗಿ ರುಚಿ ನೋಡಿದರೆ, ಇಪ್ಪತ್ತರಲ್ಲಿ ಎರಡು ಒಂದೇ ಆಗಿರುವದಿಲ್ಲ. ಒಂದರಲ್ಲಿ ಕಸುವು ಅಧಿಕ, ಒಂದರಲ್ಲಿ ಕಂಪು ಅಧಿಕ, ಮತ್ತೊಂದರಲ್ಲಿ ಎರಡೂ ಇಲ್ಲ. ಬಂದಂತೆಯೇ ಕೊಟ್ಟರೆ ಈ ತಿಂಗಳು ಮೆಚ್ಚಿ ಹೋದ ಗಿರಾಕಿಯು ಮುಂದಿನ ತಿಂಗಳು ಅದೇ ಹೆಸರನ್ನು ಹೇಳಿ ಬೇರೆಯೇ ವಸ್ತುವನ್ನು ಒಯ್ಯುವನು. ಬಲ್ಲವನು ವಿವೇಕದಿಂದ ಕೂಡಿಸಿದರೆ ಬಿಡಿ ಪೆಟ್ಟಿಗೆಗಳಲ್ಲಿ ಯಾವುದಕ್ಕೂ ಇಲ್ಲದ ಸಮರಸವು ಒಟ್ಟಿನಲ್ಲಿ ಬರುವದು. ಕುರಿಯ ಹಿಕ್ಕೆ ಬೆರಸಿದವನನ್ನೂ ಹೈಸನ್ನಿಗೆ ಹೈಸನ್ನನ್ನು ಬೆರಸಿದವನನ್ನೂ ಒಂದೇ ಶಬ್ದದಿಂದ ಕರೆಯುವ ಭಾಷೆಯ ಬಡತನವೇ ಈ ವಿವಾದಕ್ಕೆ ಮೂಲವೆನ್ನಬೇಕು. ರಿಚರ್ಡನ ವಾದದಲ್ಲಿ ಸ್ವಾರ್ಥವಿರಲಿಲ್ಲವೆಂದಲ್ಲ. ಆದರೆ ಅಜ್ಜನು ಗಿರಾಕಿಯ ಕಣ್ಣೆದುರಿಗೆ ಮಾಡಿದ ಕೆಲಸವನ್ನು ಮೊಮ್ಮಗನು ಒಳಕೋಣೆಯಲ್ಲಿ ಮಾಡತೊಡಗಿದ್ದೇ ಸಂಶಯಕ್ಕೆ ಎಡೆಗೊಟ್ಟಿತೆಂಬದನ್ನು ಅವನು ಪೂರ್ಣವಾಗಿ ಗ್ರಹಿಸಿದಂತೆ ಕಾಣುವದಿಲ್ಲ. ವ್ಯಾಪಾರವು ಬೆಳೆದಾಗ ಪ್ರತಿಯೊಬ್ಬನ ಮುಂದೆಯೂ ಪೆಟ್ಟಿಗೆಯನ್ನು ಹರಡಿ ಕೂಡ್ರುವದು ಎಲ್ಲಿ ಸಾಧ್ಯ?

1784ರಲ್ಲಿ ಆಗ ಇನ್ನೂ 25 ವರ್ಷ ವಯಸ್ಸಿನವನಾಗಿದ್ದ ಪ್ರಧಾನಮಂತ್ರಿ ವಿಲಿಯಂ ಪಿಟ್ಟನು ಚಹದ ವರ್ತಕರನ್ನು ಕರೆಯಿಸಿ ಆಲೋಚಿಸಿದನು. ವರ್ತಕರ ಮುಖಂಡನಾಗಿ ಮಾತನಾಡಿದವನು ರಿಚರ್ಡ್ ಟ್ವೈನಿಂಗನೇ. ಜಕಾತಿಯನ್ನು ಇಳಿಸಿದರೆ ಕಳ್ಳಮಾಲು ತಾನೇ ಅಡಗುವದೆಂದೂ, ಸರಕಾರದ ನಷ್ಟವನ್ನು ಮನೆಯ ಕಿಟಕಿಗಳ ಮೇಲಿನ ತೆರಿಗೆಯಿಂದ ತುಂಬಿಕೊಳ್ಳಬಹುದೆಂದೂ ಗೊತ್ತಾಗಿ, ಆ ವರ್ಷವೇ ಕಮ್ಯುಟೇಶನ್ ಕಾಯಿದೆಯು ಹೊರಟಿತು. 119ರಷ್ಟಿದ್ದ ಜಕಾತಿಯು ಒಮ್ಮೆಲೇ ಹನ್ನೆರಡೂವರೆಗೆ ಇಳಿಯಿತು. ಕಂಪನಿಯು ವರ್ಷಕ್ಕೆ ನಾಲ್ಕು ಲಿಲಾವುಗಳನ್ನು ತಪ್ಪದೆ ನಡೆಸಬೇಕೆಂಬ ನಿರ್ಬಂಧವೂ ಅದರಲ್ಲಿತ್ತು. ಜಕಾತಿ ತೆತ್ತು ಮಾರಾಟವಾಗುತ್ತಿದ್ದ ಚಹವು ಅದಕ್ಕೆ ಮೊದಲು ಸುಮಾರು 50 ಲಕ್ಷ ರತ್ತಲಿದ್ದುದು ಬೇಗನೆ ಒಂದು ಕೋಟಿ ರತ್ತಲನ್ನು ದಾಟಿತು. ಜನರು ಒಂದೇ ವರ್ಷದಲ್ಲಿ ಇಮ್ಮಡಿ ಚಹ ಕುಡಿಯಲು ಕಲಿತರೆಂದು ಇದರ ಅರ್ಥವಲ್ಲ. ಕತ್ತಲಲ್ಲಿ ಇಳಿಯುತ್ತಿದ್ದದ್ದು ಹಗಲಿನಲ್ಲಿ ಇಳಿಯಿತು, ಅಷ್ಟೆ. ಚಹ ಕುಡಿಯದ ಬಡವನೂ ಕಿಟಕಿಯ ತೆರಿಗೆಯನ್ನು ಕೊಡಬೇಕಾಯಿತೆಂದು ಗೊಣಗಿದವರೂ ಇದ್ದರು, ಅದರಲ್ಲಿ ಸತ್ಯವೂ ಇದ್ದಿತು.

ಈ ಜಯದ ತರುವಾಯ, 1787ರಲ್ಲಿ, ರಿಚರ್ಡನು ಅಂಗಡಿಗೆ ಹೊಸ ಮುಂಬಾಗಿಲನ್ನು ಕಟ್ಟಿಸಿ, ಅದರ ನೆತ್ತಿಯ ಮೇಲೆ ಅಜ್ಜನ ಸಿಂಹವನ್ನೂ ಅದರ ಎರಡು ಪಕ್ಕಗಳಲ್ಲಿ ಇಬ್ಬರು ಚೀನೀ ಪುರುಷರ ವಿಗ್ರಹಗಳನ್ನೂ ಕೂಡ್ರಿಸಿದನು. ಮಾಲಿನ ಹುಟ್ಟೂರಿನವರಿಗೆ ಲಂಡನ್ನಿನ ವರ್ತಕನೊಬ್ಬನು ತನ್ನ ಬಾಗಿಲಲ್ಲಿ ಬಹಿರಂಗವಾಗಿ ಸಲ್ಲಿಸಿದ ಈ ಗೌರವವು ಇಂದಿಗೂ ಅಲ್ಲಿ ಕಾಣಸಿಗುವದು. 1810ರಲ್ಲಿ ಅವನು ಕಂಪನಿಯ ನಿರ್ದೇಶಕರಲ್ಲಿ ಒಬ್ಬನಾದನು. 1814ರಲ್ಲಿ ಕಾದಂಬರಿಕಾರ್ತಿ ಜೇನ್ ಆಸ್ಟಿನಳು ಅಕ್ಕನಿಗೆ ಬರೆದ ಕಾಗದವೊಂದರಲ್ಲಿ ಚಹದ ಬೆಲೆಯೇರಿಕೆಯ ಚಿಂತೆಯೊಡನೆ ಟ್ವೈನಿಂಗನಿಗೆ ಕೊಡಬೇಕಾದ ಹಣದ ಪ್ರಸ್ತಾಪವೂ ಬರುತ್ತದೆ.

ಆದರೆ ಹೆಸರು ಮತ್ತು ನಾಲಗೆಗಳ ಜಗಳವು ಅಷ್ಟಕ್ಕೇ ತೀರಲಿಲ್ಲ. ಜಗಳದಲ್ಲಿ ಕಣ್ಣೂ ಪಾಲುಗೊಂಡಿತು. ಹಸುರು ಚಹವೆಂದರೆ ಹಸುರಾಗಿಯೇ ಇರಬೇಕೆಂದು ಇಂಗ್ಲಂಡ, ಅಮೇರಿಕೆಗಳ ಗಿರಾಕಿಗಳು ಹಟಹಿಡಿದರು. ಅಂಗಡಿಕಾರರು ಅಂಥದನ್ನೇ ಆರಿಸಿ ಕೊಂಡರು. ಕಂಪನಿಯ ಪರವಾಗಿ ಚಹದ ಗಿಡಗಳನ್ನು ತರಲು 1848ರಲ್ಲಿ ಚೀನೀಯನ ವೇಷವನ್ನು ಧರಿಸಿ ಒಳನಾಡನ್ನು ಹೊಕ್ಕ ರಾಬರ್ಟ್ ಫಾರ್ಚೂನನು, ಅಲ್ಲಿಯ ಕೆಲಸಗಾರರು ಹುರಿಯುವ ಎಲೆಗೆ ನೀಲಿಬಣ್ಣದ ಪುಡಿಯನ್ನೂ ಜಿಪ್ಸಮನ್ನೂ ಕೂಡಿಸುತ್ತಿರುವದನ್ನು ಕಣ್ಣಾರೆ ಕಂಡನು. ನೂರು ರತ್ತಲು ಹಸುರು ಚಹದಲ್ಲಿ ಅರ್ಧ ರತ್ತಲಿಗಿಂತ ಹೆಚ್ಚು ಈ ಬಣ್ಣವೇ ಇರುವದೆಂದು ಅವನು ಲೆಕ್ಕಹಾಕಿದನು. ಹೀಗೇಕೆ ಮಾಡುವಿರೆಂದು ಕೇಳಿದ್ದಕ್ಕೆ, ಪರದೇಶದವರಿಗೆ ಹೀಗಿದ್ದರೇ ಇಷ್ಟ, ಬೆಲೆಯನ್ನೂ ಹೆಚ್ಚಾಗಿ ಕೊಡುವರು, ತಾವು ಮಾತ್ರ ಇದನ್ನು ಕುಡಿಯುವದಿಲ್ಲ ಎಂಬ ಅಭಿಪ್ರಾಯದ ಉತ್ತರ ಬಂದಿತು. ಸುಂಗ್‌ಲೋ, ವೂಯೀ ಎರಡು ಸೀಮೆಗಳನ್ನೂ ಸುತ್ತಿಬಂದ ಇವನೇ ಹಸುರು, ಕರಿ ಎಂಬವು ಗಿಡದ ಭೇದಗಳಲ್ಲ, ತಯಾರಿಕೆಯ ಭೇದಗಳೆಂಬದನ್ನು ಸಾಮಾನ್ಯ ಜನಕ್ಕೂ ಮನದಟ್ಟು ಮಾಡಿದನು. ಆ ಮೇಲೆ ಹಸುರು ಚಹದ ಮೇಲಿನ ಆಂಗ್ಲರ ಪ್ರೀತಿ ಇಳಿಮುಖವಾಯಿತು.

ಅಷ್ಟರಲ್ಲಿ ಅಂಗಡಿಯ ಸ್ವರೂಪವೇ ಬದಲಾಗುತ್ತ ನಡೆದಿತ್ತು. 1826ರಲ್ಲಿ ಜಾನ್ ಹಾರ್ನಿಮನ್ ಎಂಬ ಕ್ವೇಕರ್ ಪಂಥದ ವರ್ತಕನು ತೂಕವನ್ನೂ ತನ್ನ ಹೆಸರನ್ನೂ ಮೇಲೆ ಅಚ್ಚುಹಾಕಿಸಿದ ಮೊಹರಿನ ಪೊಟ್ಟಣಗಳಲ್ಲಿ ಚಹವನ್ನು ಮಾರತೊಡಗಿದನು. ಸಣ್ಣ ಅಂಗಡಿಕಾರರಿಗೆ ಇದು ಹಿಡಿಸಲಿಲ್ಲ. ಪೊಟ್ಟಣವನ್ನು ಬಿಚ್ಚುವಂತಿಲ್ಲದ ಮೇಲೆ ಅವರಿಗೆ ಮಾಡಲು ಏನುಳಿಯಿತು? 1834ರಲ್ಲಿ ಕಂಪನಿಯ ಏಕಸ್ವಾಮ್ಯವು ಕೊನೆಗೊಂಡು, ಅದರೊಡನೆ ಕಾಂಟನ್ನಿನ ಪರೀಕ್ಷಕರ ಹುದ್ದೆಗಳೂ ಮಾಯವಾದವು. ಲಂಡನ್ನಿನ ಲಿಲಾವು ಮಿಂಸಿಂಗ್ ಲೇನ್ ಎಂಬ ಬೀದಿಗೆ ವರ್ಗವಾಯಿತು. ಅಲ್ಲಿಯೇ 1839ನೆಯ ಜನವರಿ 10ರಂದು ಅಸ್ಸಾಮಿನಲ್ಲಿ ಬೆಳೆದ ಎಂಟು ಪೆಟ್ಟಿಗೆ ಚಹವು ಮೊದಲ ಬಾರಿಗೆ ಸವಾಲಿಗೆ ಬಂದು ಕುತೂಹಲಕ್ಕೆ ಕಾರಣವಾಯಿತು. ಐವತ್ತು ವರ್ಷಗಳು ತುಂಬುವದರೊಳಗಾಗಿ ಬ್ರಿಟಿಷ್ ಪೇಟೆಯಲ್ಲಿ ಹಿಂದುಸ್ಥಾನದ ಚಹವು ಚೀನದ ಚಹಕ್ಕೆ ಸಮನಾಗಿ ಬೆಳೆದು, ಬಳಿಕ ಅದನ್ನು ಬಹಳ ಹಿಂದಕ್ಕೆ ಹಾಕಿತು. ಬೊಹೀ, ಸಿಂಗ್ಲೋ, ಟ್ವಾಂಕೆಗಳು ಪೇಟೆಯ ಪಟ್ಟಿಗಳಿಂದ ಅಳಿಸಿಹೋದವು. ಪೆಕೋ ಎಂಬ ಹೆಸರು ಮಾತ್ರ, ಎಳೆಯ ಕುಡಿಯ ಬಿಳಿಯ ರೋಮವನ್ನು ಪೂರ್ತಿಯಾಗಿ ಮರೆತು, ಅಸ್ಸಾಮ, ನೀಲಗಿರಿ, ಸಿಂಹಳಗಳ ಪೆಟ್ಟಿಗೆಗಳ ಮೇಲೆ ಎಲೆಯ ಗಾತ್ರವನ್ನು ಸೂಚಿಸುವ ಗುರುತಾಗಿ ಉಳಿದುಕೊಂಡಿತು. ಲಂಡನ್ನಿನ ಚಹದ ಲಿಲಾವು ಕಟ್ಟಕಡೆಯದಾಗಿ 1998ನೆಯ ಜೂನ್ 29ರಂದು ನಡೆಯಿತು.